ರಮಣನ ಬೆರಳುಪಟ್ಟಿ

ಕರೆಂಟು ಹೋದರೆ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗಗಳೆಲ್ಲ ಒಟ್ಟಿಗೇ ನಿಲ್ಲುತ್ತವೆ. ಆ ಮೌನಕ್ಕೆ ಅಲ್ಲಿಯವರ ಕಿವಿ ಒಗ್ಗಿಹೋಗಿದೆ. ಹೆಂಗಸರು ಒಳಗಿನಿಂದ ಬಂದು ಜಗಲಿಯಲ್ಲಿ ಕೂರುತ್ತಾರೆ, ಗಂಡಸರು ಕಾಫಿಗೆ ಹೋಗುತ್ತಾರೆ. ಆದರೆ ತೊಂಬತ್ತಮೂರನೆಯ ಇಸವಿಯ ಜ್ಯೇಷ್ಠ ಮಾಸದ ಆ ಸೋಮವಾರ ಬೆಳಿಗ್ಗೆ ಮಗ್ಗಗಳು ಒಂದೊಂದಾಗಿ ನಿಂತವು. ಮೊದಲು ಬೀದಿಯ ಕೊನೆಯ ಮನೆಯದು, ಆಮೇಲೆ ಅದರ ಪಕ್ಕದ್ದು, ಆಮೇಲೆ ಇನ್ನೊಂದು. ಯಾರೋ ಬಾಗಿಲಿನಿಂದ ಬಾಗಿಲಿಗೆ ನಡೆದು ಬರುತ್ತಿರುವಂತೆ ಆ ಮೌನ ಹತ್ತಿರವಾಗುತ್ತ ಬಂತು.

ಕೋದಂಡರಾಮಯ್ಯನವರು ತಮ್ಮ ಮಗ್ಗದ ಮುಂದೆ ನಿಂತಿದ್ದರು. ಬಾಗಿಲಲ್ಲಿ ನೆರಳು ಬಿತ್ತು. ಬೀದಿಯ ಕೊನೆಯ ಮನೆಯ ವೆಂಕಟರಾಯಪ್ಪ. ಆ ಬೀದಿಯಲ್ಲಿ ಫೋನಿದ್ದದ್ದು ಅವರೊಬ್ಬರ ಮನೆಯಲ್ಲಿ. ರಾಮಮಂದಿರದ ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುವವರೂ ಅವರೇ.

"ಮೋಟಾರು ನಿಲ್ಸು ರಾಮಯ್ಯ."

"ಯಾಕೆ, ಏನಾಯ್ತು?"

"ನಿಲ್ಸು ಮೊದ್ಲು."

ನಿಲ್ಲಿಸಿದರು. ವೆಂಕಟರಾಯಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಹಿಂಡುತ್ತ ನಿಂತರು. ಒಣ ಟವೆಲು ಅದು. "ನಂದಗುಡಿಯಿಂದ ಫೋನು ಬಂದಿತ್ತು. ರಮಣ ಹೋಗ್ಬಿಟ್ಟ."

ವೆಂಕಟರಮಣ ರಾಮಯ್ಯನವರ ಒಬ್ಬನೇ ತಮ್ಮ. ಅಣ್ಣನಿಗಿಂತ ಇಪ್ಪತ್ತೆರಡು ವರ್ಷ ಚಿಕ್ಕವನು. ತಾಯಿ ಹೋದಾಗ ಅವನಿಗೆ ಮೂರು ವರ್ಷ. ಅತ್ತಿಗೆ ನಾಗಲಕ್ಷ್ಮಮ್ಮ ಮಕ್ಕಳಿಲ್ಲದ ತನ್ನ ಮಡಿಲಲ್ಲಿ ಅವನನ್ನು ಬೆಳೆಸಿದಳು. ಮದುವೆ ಎಂದರೆ ಈ ವರ್ಷ ಬೇಡ ಅತ್ತಿಗೆ ಎಂದು ಹೇಳಿಕೊಂಡೇ ಮೂವತ್ತೆಂಟಕ್ಕೆ ಬಂದಿದ್ದ. ಹಗಲು ಅಣ್ಣನ ಪಕ್ಕದ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಲಗ್ನದ ದಿನಗಳಲ್ಲಿ ಆರ್ಕೆಸ್ಟ್ರಾದ ಜೊತೆ ಹೋಗಿ ಬೇಸ್ ಗಿಟಾರು ಬಾರಿಸುತ್ತಿದ್ದ. ನಾಲ್ಕು ದಪ್ಪ ತಂತಿಗಳ ಆ ವಾದ್ಯ ಹಾಡನ್ನು ಹೇಳುವುದಿಲ್ಲ, ಹಾಡಿನ ಕೆಳಗೆ ಜಮಖಾನೆ ಹಾಸಿದಂತೆ ಇರುತ್ತದೆ. ಭಾನುವಾರ ನಂದಗುಡಿಯಲ್ಲಿ ಆರತಕ್ಷತೆ ಮುಗಿಸಿ ಅಲ್ಲೇ ಉಳಿದಿದ್ದಾನೆ. ಬೆಳಿಗ್ಗೆ ತಿಂಡಿಗೆ ಕುಳಿತವನು ಎದೆ ಹಿಡಿದುಕೊಂಡನಂತೆ. ಹೊಸಕೋಟೆ ಆಸ್ಪತ್ರೆ ಮುಟ್ಟುವುದರೊಳಗೆ ಉಸಿರು ಇರಲಿಲ್ಲ.

ರಾಮಯ್ಯನವರು ಅಳಲಿಲ್ಲ. ಹರಿದಿದ್ದ ಒಂದು ಎಳೆ ಅವರ ಬೆರಳಲ್ಲೇ ಇತ್ತು. ಅದನ್ನು ಗಂಟುಹಾಕಿ, ಮಿಕ್ಕಿದ ತುದಿಯನ್ನು ಕತ್ತರಿಸಿ, ಆಮೇಲೆ ಒಳಗೆ ಹೋಗಿ ಹೆಂಡತಿಗೆ ಹೇಳಿದರು. ತನಗೆ ಎಳ್ಳುನೀರು ಬಿಡಬೇಕಾಗಿದ್ದ ಕೈ ರಮಣನದು. ಅವನಿಗೆ ತಾನು ಬಿಡುವಂತಾಯಿತಲ್ಲ ಎಂದುಕೊಳ್ಳುತ್ತಲೇ ಆ ದಿನ ಕಳೆದರು.

ಆ ಮನೆಯಲ್ಲಿ ತಲೆಮಾರಿನಿಂದ ಬಂದ ಒಂದು ಪದ್ಧತಿ ಇತ್ತು. ನೇಯುತ್ತಿದ್ದವನು ತೀರಿಕೊಂಡರೆ ಅವನ ಮಗ್ಗದ ಮೇಲೆ ಅರ್ಧ ಉಳಿದದ್ದನ್ನು ಕತ್ತರಿಸಿ ತೆಗೆಯುವಂತಿಲ್ಲ, ಕೂಲಿಯವರಿಂದ ಮುಗಿಸುವಂತಿಲ್ಲ. ಮನೆಯವರ ಕೈಯೇ ಅದನ್ನು ಕೊನೆ ಮುಟ್ಟಿಸಬೇಕು. ಅಲ್ಲಿಯವರೆಗೆ ಹೋದವನ ಕೈಗೆ ಬಿಡುವಿಲ್ಲ ಎಂದು ಅವರ ತಂದೆ ಹೇಳುತ್ತಿದ್ದರು. ರಮಣನ ಮಗ್ಗದ ಮೇಲೆ ಕಡುನೀಲಿ ಸೀರೆಯೊಂದು ಮೈಯೆಲ್ಲ ಮುಗಿದು ಸೆರಗು ಉಳಿದಿತ್ತು. ಹನ್ನೊಂದರ ಕರ್ಮ ಕಳೆದ ಮರುದಿನ ರಾಮಯ್ಯನವರು ಆ ಮಗ್ಗದ ಮುಂದೆ ನಿಂತು ಸೆರಗು ನೇಯ್ದರು. ಹದಿಮೂರನೆಯ ದಿನ ಆ ಸೀರೆ ರಾಮಮಂದಿರದ ಸೀತಾಮಾತೆಗೆ ಹೋಯಿತು.

ಆಮೇಲೆ ಆ ಮಗ್ಗವನ್ನು ನಿಲ್ಲಿಸಿದರು. ಹೆಚ್ಚು ದಿನ ಸುಮ್ಮನಿರುವ ಮಗ್ಗದ ಉಕ್ಕಿನ ಹಣಿಗೆಗೆ ಎಣ್ಣೆ ಸವರಬೇಕು; ಇಲ್ಲವಾದರೆ ಬಾಚಣಿಗೆಯಂತಿರುವ ಅದರ ಹಲ್ಲುಗಳಿಗೆ ತುಕ್ಕು ಹತ್ತಿ ಮುಂದೆ ರೇಷ್ಮೆ ಎಳೆಗಳನ್ನು ಕೊಯ್ಯುತ್ತದೆ. ಬಟ್ಟೆಯ ಚೂರನ್ನು ಮಗ್ಗದೆಣ್ಣೆಯಲ್ಲಿ ಅದ್ದಿ ಹಣಿಗೆಯನ್ನು ಒರೆಸುತ್ತಿರುವಾಗ ಮೂಲೆಯಲ್ಲಿದ್ದ ಉದ್ದನೆಯ ಪೆಟ್ಟಿಗೆಯ ಮೇಲೆ ಕಣ್ಣು ಹೋಯಿತು. ಆರ್ಕೆಸ್ಟ್ರಾದ ಗೆಳೆಯ, ಹತ್ತಿರದ ಮಧುರೆ ಊರಿನ ಕಾಂತರಾಜು, ಮೂರನೆಯ ದಿನ ತಂದಿಟ್ಟು ಹೋಗಿದ್ದ ರಮಣನ ವಾದ್ಯ. ಪೆಟ್ಟಿಗೆ ತೆರೆದು ನೋಡಿದರು. ತಂತಿಗಳ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಮೂಡಿತ್ತು.

"ಉಕ್ಕು ಉಕ್ಕೇ ತಾನೆ" ಎಂದು ಹೆಂಡತಿಗೆ ಹೇಳಿ ಅದೇ ಬಟ್ಟೆಯಿಂದ ನಾಲ್ಕೂ ತಂತಿಗಳನ್ನು ಸವರಿದರು. ಎಣ್ಣೆ ಕೆಳಗಿನ ಮರದ ಪಟ್ಟಿಗೆ ಇಳಿಯಿತು. ಮರ ಒಣಗಿದಂತೆ ಕಂಡಿತು, ಅದಕ್ಕೂ ಉಜ್ಜಿದರು. ಕಪ್ಪಾಗಿ ಹೊಳೆಯಿತು. ಅಂದಿನಿಂದ ಪ್ರತಿ ಶನಿವಾರ ಸ್ನಾನ, ಪೂಜೆ ಮುಗಿಸಿ ಅದೊಂದು ಸೇವೆಯೆಂಬಂತೆ ಮಾಡುತ್ತ ಬಂದರು.

ಹಾಗೆ ಸವರುವಾಗಲೆಲ್ಲ ಮೂರು ವರ್ಷದ ಹಿಂದಿನ ಒಂದು ಸಂಜೆ ಅವರ ಕಣ್ಣಿಗೆ ಬರುತ್ತಿತ್ತು. ರಮಣ ಅದೇ ವಾದ್ಯವನ್ನು ಮಂದಿರಕ್ಕೆ ತಂದು, ಭಜನೆಗೆ ನಾನೂ ಕೂರಲಾ ಅಣ್ಣ ಎಂದಿದ್ದ. ರಾಮಯ್ಯನವರು ಸಾವೇರಿ ರಾಗದಲ್ಲಿ ರಾಮನಾಮ ಹಿಡಿದಿದ್ದರು. ಅವರ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಇಳಿಯುವಂಥದ್ದು. ವೀಣೆಗಿರುವಂತೆ ಆ ವಾದ್ಯದ ಕುತ್ತಿಗೆಗೂ ಅಡ್ಡಡ್ಡ ಲೋಹದ ಮೆಟ್ಟಿಲುಗಳಿದ್ದವು. ಆದರೆ ವೀಣೆಯಲ್ಲಿ ಎಳೆದಂತೆ ಆ ದಪ್ಪ ತಂತಿಯನ್ನು ಎಳೆಯುವುದಕ್ಕಾಗುವುದಿಲ್ಲ. ಇವರು ಜಾರಿದಲ್ಲಿ ಅದು ಠಕ್ಕ ಠಕ್ಕನೆ ಇಳಿಯಿತು. ಎರಡನೆಯ ಸುತ್ತಿಗೆ ರಾಮಯ್ಯನವರು ತಾಳ ನಿಲ್ಲಿಸಿ ಎಲ್ಲರ ಮುಂದೆ ಹೇಳಿದ್ದರು: "ಇದು ಮೆಟ್ಲು ಹತ್ತಿ ಇಳಿಯೋ ವಾದ್ಯ ಕಣೋ. ರಾಮನ ಹೆಸರು ಹಿಂಗೆ ಕುಂಟ್ಕೊಂಡು ಬರಬಾರ್ದು. ತಗೊಂಡೋಗಿ ಮದುವೆ ಮನೇಲಿ ಬಾರಿಸ್ಕೊ."

ಕೂತವರಲ್ಲಿ ಒಬ್ಬಿಬ್ಬರು ನಕ್ಕರು. ರಮಣನೂ ನಕ್ಕ. ವಾದ್ಯವನ್ನು ಪೆಟ್ಟಿಗೆಗೆ ಹಾಕಿ, ಭಜನೆ ಮುಗಿಯುವವರೆಗೂ ಕೊನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ, ಪ್ರಸಾದ ತೆಗೆದುಕೊಂಡು ಹೋದ. ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ಮುಂದೆ ಅವನ ಅಭ್ಯಾಸವೆಲ್ಲ ಯಶವಂತಪುರದಲ್ಲಿ ಕಾಂತರಾಜು ಇಟ್ಟಿದ್ದ ವಾದ್ಯ ರಿಪೇರಿಯ ಕೋಣೆಯಲ್ಲಿ ನಡೆಯುತ್ತಿತ್ತೇ ಹೊರತು ಮನೆಯಲ್ಲಿ ಅಲ್ಲ.

ಕಾರ್ತಿಕದಲ್ಲಿ ಕಾಂತರಾಜು ಮನೆಗೆ ಬಂದ. ನಾಗಲಕ್ಷ್ಮಮ್ಮ ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು ಅವನು ಪೆಟ್ಟಿಗೆ ತೆರೆದ.

"ಏನ್ ದೊಡ್ಡಣ್ಣ ಇದು, ದೇವಸ್ಥಾನದ ದೀಪದ ಕಂಬ ಮಾಡ್ಬಿಟ್ಟಿದೀರ?"

ರಾಮಯ್ಯನವರು ನಗಲಿಲ್ಲ. "ಶನಿವಾರ ಶನಿವಾರ ಸವರ್ತೀನಪ್ಪ. ತುಕ್ಕು ಹಿಡೀಬಾರ್ದು ಅಂತ."

"ಯಾವ ಎಣ್ಣೆ?"

"ಮಗ್ಗದ್ದು."

ಕಾಂತರಾಜು ತಂತಿಯೊಂದನ್ನು ಮೀಟಿದ. ಒದ್ದೆ ಹಗ್ಗ ತಟ್ಟಿದಂಥ ಸದ್ದು ಬಂತು. ತಂತಿಯ ಕೆಳಗಿನ ಬೀಟೆ ಮರದ ಪಟ್ಟಿಯ ಮೇಲೆ ಬೆರಳಾಡಿಸಿದ. ಆಗಲೇ ರಾಮಯ್ಯನವರು ಗಮನವಿಟ್ಟು ನೋಡಿದ್ದು: ಪಟ್ಟಿಯ ಮೇಲೆ ಲೋಹದ ಮೆಟ್ಟಿಲು ಒಂದೂ ಇರಲಿಲ್ಲ. ಅವು ಇದ್ದ ಜಾಗದಲ್ಲಿ ತೆಳ್ಳನೆಯ ಹಳದಿ ಗೆರೆಗಳಿದ್ದವು. ಐದು ತಿಂಗಳು ಸವರಿದ್ದರೂ ಅವರು ಅದನ್ನು ಅಲಂಕಾರವೆಂದೇ ತಿಳಿದಿದ್ದರು.

"ಇದನ್ನ ಫಿಂಗರ್‌ಬೋರ್ಡ್ ಅಂತಾರೆ. ರಮಣ ಬೆರಳುಪಟ್ಟಿ ಅಂತಿದ್ದ" ಎಂದ ಕಾಂತರಾಜು. "ನೀವು ಮಂದಿರದಲ್ಲಿ ಬೈದ್ರಲ್ಲ, ಅದಾಗಿ ಹದಿನೈದು ದಿನಕ್ಕೆ ನನ್ನ ಕೋಣೇಲಿ ಕೂತು ಮೆಟ್ಲೆಲ್ಲ ಕಿತ್ತಾಕ್ದ. ಮೆಟ್ಲಿಲ್ದಿದ್ರೆ ಬೆರಳು ಜಾರುತ್ತೆ, ದನೀನೂ ಜಾರುತ್ತೆ. ಅದಕ್ಕೆ. ಆದ್ರೆ ಮೆಟ್ಲಿದ್ದಾಗ ತಂತಿ ಲೋಹದ ಮೇಲೆ ಕೂರ್ತಿತ್ತು. ಈಗ ನೇರ ಮರದ ಮೇಲೇನೆ. ಎಣ್ಣೆ ಕುಡ್ದು ಮರ ಮೆತ್ತಗಾಗಿದೆ ದೊಡ್ಡಣ್ಣ. ಮೆಟ್ಲಿದ್ದ ಸಂದಿಗೆ ಅವನು ತುಂಬಿದ್ದ ಈ ಸೀಳುಗಳು ಉಬ್ಬಿವೆ, ಮುಟ್ಟಿ ನೋಡಿ. ಹಿಂಗೇ ಬಾರಿಸಿದ್ರೆ ತಂತಿ ಮರಾನ ತಿಂದಾಕುತ್ತೆ."

ರಾಮಯ್ಯನವರು ಮುಟ್ಟಿ ನೋಡಿದರು. ಕೂದಲೆಳೆಯಷ್ಟು ಉಬ್ಬು. ಅವರ ಬೆರಳು ಅಲ್ಲೇ ನಿಂತಿತು. ಕನ್ನಡಕ ತಂದು ಬಗ್ಗಿ ನೋಡಿದರು. ಐವತ್ತು ವರ್ಷ ಹಣಿಗೆ ಹಿಡಿದ ಕೈಗೆ ಆ ಹಳದಿ ಸೀಳಿನ ಗುರುತು ತಪ್ಪುವಂತಿರಲಿಲ್ಲ.

"ಇದು ಬಿದಿರು. ನಮ್ಮಪ್ಪನ ಕೈಮಗ್ಗದ ಹಣಿಗೆ ಇದು."

ಒಳಬಾಗಿಲಲ್ಲಿ ನಿಂತಿದ್ದ ನಾಗಲಕ್ಷ್ಮಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಅಟ್ಟದ ಮೇಲಿತ್ತು. ಅತ್ತಿಗೆ ಅದು ಕೊಡ್ತೀಯಾ ಅಂದ. ಮುರಿದೋಗಿರೋದು ಯಾಕೋ, ಒಲೆ ಹಚ್ಚೋಕಾ ಅಂದೆ. ಇಲ್ಲ, ಹಾಡೋಕೆ ಅಂದ. ತಮಾಷೆ ಮಾಡ್ತಾನೆ ಅಂದ್ಕೊಂಡೆ."

ಬೀದಿಯ ಮಗ್ಗಗಳ ಸದ್ದು ಒಳಗೆ ತುಂಬಿಕೊಂಡಿತ್ತು.

"ಸರಿ ಮಾಡ್ಬೋದಾ?" ಎಂದು ಕೇಳಿದರು ರಾಮಯ್ಯನವರು.

"ಮಾಡ್ಬೋದು. ಉಪ್ಪುಕಾಗದದಲ್ಲಿ ಮೇಲಿನ ಪದರ ಉಜ್ಜಿ ಮಟ್ಟ ಮಾಡಿ, ಮೇಲೆ ಗಟ್ಟಿ ವಾರ್ನಿಷ್ ನಾಲ್ಕೈದು ಸಲ ಕೊಟ್ರೆ ಕನ್ನಡಿ ಆಗುತ್ತೆ. ಆಮೇಲೆ ಎಂಥ ತಂತಿ ಹಾಕಿದ್ರೂ ಮರಕ್ಕೆ ತಾಗಲ್ಲ." ಹೇಳುತ್ತ ಹೇಳುತ್ತ ಅವನ ದನಿ ತಗ್ಗಿತು. "ಆದ್ರೆ ಒಂದು ವಿಷ್ಯ ಐತೆ. ಇಲ್ಲಿ ನೋಡಿ."

ತಂತಿಯನ್ನು ಪಕ್ಕಕ್ಕೆ ಸರಿಸಿ ತೋರಿಸಿದ. ಪಟ್ಟಿಯ ಉದ್ದಕ್ಕೂ ತಂತಿ ಒತ್ತಿದ ಸಣ್ಣ ಸಣ್ಣ ಗುರುತುಗಳಿದ್ದವು. ಹೆಚ್ಚಿನವು ಉಗುರಿನಿಂದ ಗೀರಿದಷ್ಟು ಮಾತ್ರ. ಆದರೆ ಒಂದು ಕಡೆ, ಮೂರು ನಾಲ್ಕು ಗುರುತುಗಳು ಒತ್ತೊತ್ತಾಗಿ, ಬೇರೆಲ್ಲಕ್ಕಿಂತ ಆಳವಾಗಿದ್ದವು, ಅಕ್ಕಿಕಾಳು ಮಲಗಬಹುದಾದಷ್ಟು.

"ಆರ್ಕೆಸ್ಟ್ರಾದಲ್ಲಿ ಒಂದೊಂದು ಹಾಡಿಗೆ ಒಂದೊಂದು ಶ್ರುತಿ. ಎಲ್ಲಾ ಕಡೆ ಸಮನಾಗಿ ಸವೀಬೇಕು. ಇಲ್ಲಿ ಮಾತ್ರ ಯಾಕೆ ಇಷ್ಟು ಹೇಳಿ? ಇದು ಹಾರ್ಮೋನಿಯಂದು ಮೊದ್ಲನೇ ಬಿಳಿ ಮನೆ. ನಿಮ್ಮ ಷಡ್ಜ. ಇದು ನಿಮ್ಮ ಪಂಚಮ. ಇದು ಸಾವೇರಿ ರಿಷಭ, ಅದರ ಜಾರಿಗೆ ಇಲ್ಲಿ ಹಿಂಗೆ ಉದ್ದುದ್ದಕ್ಕೆ ಸವೆದಿದೆ. ಮೂರು ವರ್ಷ ಕಾರ್ಯಕ್ರಮ ಇಲ್ದಿದ್ದ ದಿನವೆಲ್ಲ ಇದನ್ನೇ ಬಾರಿಸ್ದ. ನಾನು ಬೇಜಾರಾಗಿ, ಗುರು, ನಿಮ್ಮಣ್ಣನ ಮುಂದೆ ಹೋಗಿ ಒಂದ್ಸಲ ಕೂತ್ಬಿಡೋ, ನನ್ ಕಿವಿ ಬಿಟ್ಬಿಡು ಅಂತಿದ್ದೆ. ರಿಷಭ ಇನ್ನೂ ಕುಂಟುತ್ತೆ, ಸರಿಯಾದ ಮೇಲೆ ಕೂರ್ತೀನಿ ಅಂತಿದ್ದ."

ರಾಮಯ್ಯನವರು ಕನ್ನಡಕ ತೆಗೆದರು. ಕುಂಟುವುದು ಎಂಬ ಮಾತು ಯಾರದೆಂದು ಅವರಿಗೆ ಗೊತ್ತಿತ್ತು.

"ಉಜ್ಜಿದ್ರೆ ಈ ಗುರುತು ಹೋಗುತ್ತಾ?"

"ಹೋಗುತ್ತೆ. ಮಟ್ಟ ಆಗ್ಬೇಕಲ್ಲ."

"ಹಂಗಾದ್ರೆ ಬೇಡ."

ಸೀರೆಗೆ ಮಗ್ಗದೆಣ್ಣೆ ಬಿದ್ದರೆ ನೇಕಾರರು ಒಗೆಯುವುದಿಲ್ಲ. ಸೀಮೆಸುಣ್ಣವನ್ನು ನುಣ್ಣಗೆ ಪುಡಿಮಾಡಿ ಕಲೆಯ ಮೇಲೆ ಹರಡಿ, ಬಟ್ಟೆ ಮುಚ್ಚಿ ಬಿಡುತ್ತಾರೆ. ಪುಡಿ ಎಣ್ಣೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಅದನ್ನೇ ಮಾಡುತ್ತೇನೆ ಎಂದರು ರಾಮಯ್ಯನವರು.

"ದೊಡ್ಡಣ್ಣ, ಇದು ಸೀರೆ ಅಲ್ಲ."

"ಎಣ್ಣೆ ಎಣ್ಣೇನೇ ಕಣಪ್ಪ."

"ಉಕ್ಕು ಉಕ್ಕೇ ಅಂದು ಹಾಳು ಮಾಡಿದ್ದಾಯ್ತು" ಎಂದಳು ನಾಗಲಕ್ಷ್ಮಮ್ಮ, "ಈಗ ಎಣ್ಣೆ ಎಣ್ಣೇನೇ ಅಂತ ಶುರು ಮಾಡಿದ್ರು."

ಕಾಂತರಾಜು ಹಳೆಯ ತಂತಿಗಳನ್ನು ಬಿಚ್ಚಿಕೊಟ್ಟ. ಹೊರಡುವಾಗ, ಎಲ್ಲ ಸರಿಹೋದರೆ ವರ್ಷದ ತಿಥಿಯ ಭಜನೆಗೆ ನಾನು ಬಂದು ಬಾರಿಸುತ್ತೇನೆ ಎಂದ. ರಾಮಯ್ಯನವರು ಬೇಡವೆಂದು ತಲೆಯಾಡಿಸಿದರು. ಸೀರೆಯ ಸೆರಗನ್ನು ಮುಗಿಸಿ ತಮ್ಮನ ಕೈಗೆ ಬಿಡುವು ಕೊಟ್ಟೆನೆಂದು ತಿಳಿದಿದ್ದರು. ಅವನು ಅರ್ಧಕ್ಕೆ ಬಿಟ್ಟುಹೋದ ಇನ್ನೊಂದು ಕೆಲಸ ಈ ಪೆಟ್ಟಿಗೆಯಲ್ಲಿ ಐದು ತಿಂಗಳಿನಿಂದ ಮಲಗಿತ್ತು.

"ಅದು ಮನೆಯವರ ಕೈಯಲ್ಲೇ ಮುಗೀಬೇಕು."

"ಮನೆಯವರು ಅಂದ್ರೆ ಯಾರು?" ಎಂದು ಕಾಂತರಾಜು ಅತ್ತಿತ್ತ ನೋಡಿದ. ಆಮೇಲೆ ಅರ್ಥವಾಗಿ, ನಗು ಬಂದದ್ದನ್ನು ನುಂಗಿಕೊಂಡ. "ಅರವತ್ತಕ್ಕೆ ಬೇಸ್ ಕಲೀತೀರಾ ದೊಡ್ಡಣ್ಣ?"

"ನಾಲ್ಕು ಸ್ವರ ಸಾಕು. ಅವನು ಗುರುತು ಹಾಕಿಟ್ಟಿದಾನಲ್ಲ."

ನಲವತ್ತೆಂಟು ದಿನ, ಒಂದು ಮಂಡಲ, ಆ ಪಟ್ಟಿ ಸೀಮೆಸುಣ್ಣದ ಪುಡಿಯ ಕೆಳಗೆ ಮಲಗಿತು. ದಿನವೂ ಬೆಳಿಗ್ಗೆ ರಾಮಯ್ಯನವರು ಹಳೆಯ ಪುಡಿಯನ್ನು ಮೆತ್ತಗಿನ ಬ್ರಷ್ಷಿನಿಂದ ಗುಡಿಸಿ ತೆಗೆದು ಹೊಸದನ್ನು ಹರಡುತ್ತಿದ್ದರು. ಮೊದಮೊದಲು ಪುಡಿ ಕಂದುಬಣ್ಣಕ್ಕೆ ತಿರುಗಿ ಮುದ್ದೆಯಾಗುತ್ತಿತ್ತು. ಆಮೇಲೆ ಬೂದಿಯಂತಾಯಿತು. ಸಂಕ್ರಾಂತಿಯ ಹೊತ್ತಿಗೆ ಬಿಳಿಯಾಗಿಯೇ ಉಳಿಯತೊಡಗಿತು. ಬಿದಿರಿನ ಸೀಳುಗಳು ಒಂದೊಂದಾಗಿ ತಮ್ಮ ಮಟ್ಟಕ್ಕೆ ಇಳಿದವು. ಎರಡು ಮಾತ್ರ ಇಳಿಯಲಿಲ್ಲ. ಅವು ಪಟ್ಟಿಯ ಕೊನೆಯ ಕಡೆ, ಗುರುತುಗಳಿಂದ ದೂರ ಇದ್ದವು. ಅವನ್ನಷ್ಟೇ ಕಾಂತರಾಜು ಬಂದು ಅಲಗಿನಿಂದ ಹೆರೆದ.

ಅಂದು ಅವನು ಮೂರು ಬಗೆಯ ತಂತಿಗಳನ್ನು ತಂದಿದ್ದ. ಒಂದನ್ನು ಬೆಂಗಳೂರಿನ ಅಂಗಡಿಯಿಂದ, ಉಳಿದೆರಡನ್ನು ಮದ್ರಾಸಿನಲ್ಲಿ ಸಿನಿಮಾ ಸಂಗೀತಕ್ಕೆ ಬಾರಿಸುವ ಪರಿಚಯದವರಿಂದ. ಸುರುಳಿಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟ.

"ಒಳಗೊಂದು ಸರಿಗೆ, ಅದರ ಮೇಲೆ ಇನ್ನೊಂದು ಸರಿಗೆ ಸುತ್ತಿರ್ತಾರೆ. ಎಲ್ಲಾ ಬೇಸ್ ತಂತೀನೂ ಹಂಗೇನೆ. ಇದು ಮೊದ್ಲನೇದು, ಸುತ್ತಿರೋ ಸರಿಗೆ ಉರುಟು. ರಮಣ ಹಾಕ್ತಿದ್ದಿದ್ದು ಇದೇ. ಇದು ಎರಡನೇದು, ಸುತ್ತಿರೋದು ಚಪ್ಪಟೆ ಪಟ್ಟಿ. ಇದು ಮೂರನೇದು, ಮೇಲೆ ಕಪ್ಪು ನೈಲಾನ್ ಪಟ್ಟಿ ಸುತ್ತಿದೆ."

ರಾಮಯ್ಯನವರು ಎದ್ದು ಹೋಗಿ ಒಂದು ಕದಿರಿನಿಂದ ಹೊಸೆಯದ ರೇಷ್ಮೆಯ ಒಂಟಿ ಎಳೆಯನ್ನು ಎಳೆದು ತಂದರು. ಹೊಸ ಹಣಿಗೆ ಕೊಳ್ಳುವಾಗ ಅವರು ಮಾಡುತ್ತಿದ್ದುದೇ ಅದು: ಎಳೆಯನ್ನು ಹಲ್ಲಿನ ಮೇಲೆ ಎಳೆದು ನೋಡಬೇಕು, ಸಿಕ್ಕಿದರೆ ಆ ಹಣಿಗೆ ಬೇಡ. ಕಾಂತರಾಜು ಉರುಟು ತಂತಿಯನ್ನು ಬಿಗಿಯಾಗಿ ಹಿಡಿದ. ಎಳೆಯನ್ನು ಅದರ ಉದ್ದಕ್ಕೆ ಹಗುರಾಗಿ ಎಳೆದರು. ಅರ್ಧ ಗೇಣು ಹೋಗುವುದರೊಳಗೆ ಎಳೆ ಜುಂಗು ಎದ್ದು ಹರಿಯಿತು.

"ಇದೇನಪ್ಪಾ, ಇದು ಅರ."

"ಅರಾನೇ ದೊಡ್ಡಣ್ಣ. ಅದಕ್ಕೇ ಮರ ಸವೆದಿದ್ದು."

ಚಪ್ಪಟೆ ತಂತಿಯ ಮೇಲೆ ಎಳೆ ನೀರಿನ ಮೇಲೆ ಹೋದಂತೆ ತುದಿ ಮುಟ್ಟಿತು. ರಾಮಯ್ಯನವರು ತಂತಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಜರಿ ಇದು" ಎಂದರು. ಜರಿಯೂ ಹಾಗೆಯೇ: ಒಳಗೆ ಎಳೆ, ಮೇಲೆ ತಟ್ಟಿ ಚಪ್ಪಟೆ ಮಾಡಿದ ಸರಿಗೆ. ಚಪ್ಪಟೆ ಮಾಡದಿದ್ದರೆ ಪಕ್ಕದ ರೇಷ್ಮೆಯನ್ನು ಕೊಯ್ದುಹಾಕುತ್ತದೆ. ನೈಲಾನಿನದೂ ಎಳೆಯನ್ನು ಹಿಡಿಯಲಿಲ್ಲ.

"ಹಂಗಾದ್ರೆ ನೈಲಾನ್ ಹಾಕೋಣ, ಮರಕ್ಕೆ ಎಲ್ಲಕ್ಕಿಂತ ಸಾಧು" ಎಂದ ಕಾಂತರಾಜು. "ಆದ್ರೆ ದಪ್ಪ ಜಾಸ್ತಿ. ತಂತಿ ಕೂರೋ ಕಚ್ಚುಗಳನ್ನ ಅಗಲ ಕೊರೀಬೇಕು. ದನೀನೂ ಬೇಗ ಆರೋಗುತ್ತೆ."

"ಬೇಡ. ಹೊಸದಾಗಿ ಏನೂ ಕೊರೆಯೋದು ಬೇಡ."

"ಇನ್ನು ಚಪ್ಪಟೇದು. ನಾನು ಸುಳ್ಳು ಹೇಳಲ್ಲ ದೊಡ್ಡಣ್ಣ. ರಮಣನ ದನಿ ಇದರಲ್ಲಿ ಬರಲ್ಲ. ಉರುಟು ತಂತಿ ಮರಕ್ಕೆ ಉಜ್ಜಿದಾಗ ಒಂಥರಾ ಮನುಷ್ಯ ಗುನುಗಿದ ಹಂಗೆ ಬರ್ತಿತ್ತು, ಅದಕ್ಕೇ ಅವನು ಅದನ್ನ ಹಾಕ್ತಿದ್ದಿದ್ದು. ಪಟ್ಟಿ ತಿಂದೋಗುತ್ತೆ ಕಣೋ ಅಂದ್ರೆ ತಿನ್ಲಿ ಬಿಡು ಅಂತಿದ್ದ. ಇದು ಮಂದ್ರವಾಗಿ, ಮುಚ್ಚಿದ ಬಾಗಿಲ ಆಚೆಯಿಂದ ಕೇಳಿದ ಹಂಗಿರುತ್ತೆ."

ರಾಮಯ್ಯನವರು ಹೆಂಡತಿಯ ಕಡೆ ನೋಡಿದರು. ತಮ್ಮನ ಆ ಗುನುಗನ್ನು ಅವರು ಒಂದು ದಿನವೂ ಕೇಳಿರಲಿಲ್ಲ. ಕೇಳಬೇಕೆಂಬ ಆಸೆ ಎದೆಯಲ್ಲಿ ಎಷ್ಟು ದೊಡ್ಡದಾಗಿತ್ತೆಂದರೆ, ಉರುಟು ತಂತಿಯ ಸುರುಳಿಯ ಮೇಲೆ ಅವರ ಕೈ ತಾನಾಗಿ ಹೋಗಿ ಕುಳಿತಿತ್ತು. ಅದನ್ನು ಹಾಕಿದರೆ ತಮ್ಮನ ದನಿ ಸಿಕ್ಕೀತು, ಒಂದಷ್ಟು ತಿಂಗಳು. ಎಣ್ಣೆ ಕುಡಿದು ಮೆತ್ತಗಾಗಿದ್ದ ಮರ ಅದು. ಕಲಿಯುವವನ ಒರಟು ಕೈ ಬೇರೆ. ಗುರುತುಗಳು ಅಡ್ಡಾದಿಡ್ಡಿ ಸವೆದು ಒಂದರೊಳಗೊಂದು ಸೇರಿಹೋದರೆ, ಷಡ್ಜ ಎಲ್ಲಿತ್ತು, ರಿಷಭ ಎಲ್ಲಿತ್ತು ಎಂದು ಹೇಳುವವರು ಯಾರು?

ಮೆಲ್ಲಗೆ ಕೈ ತೆಗೆದು ಸುರುಳಿಯನ್ನು ಕಾಂತರಾಜುವಿನ ಕಡೆಗೆ ಸರಿಸಿದರು.

"ಚಪ್ಪಟೇದೇ ಹಾಕಪ್ಪ. ಅವನ ದನಿ ಅವನ ಜೊತೆ ಹೋಯ್ತು. ಅದನ್ನ ನಾನು ಎಳೆದು ತರಬಾರ್ದು."

ಆ ತಂತಿಗಳ ಬಿಗಿ ಹೆಚ್ಚು. ಕಾಂತರಾಜು ಅವನ್ನು ಹಾಕಿ, ವಾದ್ಯದ ಕುತ್ತಿಗೆಯೊಳಗಿನ ಸಲಾಕೆಯನ್ನು ತಿರುಪಿ ಬಾಗು ಸರಿಮಾಡಿ, ಎರಡು ವಾರ ಬಿಟ್ಟು ಮತ್ತೆ ಬಂದು ನೋಡಿದ. ಪಟ್ಟಿಯನ್ನು ಕಾಪಾಡುವ ನಿಯಮಗಳನ್ನು ಹೇಳಿಕೊಟ್ಟ. ತಂತಿಯನ್ನು ನೇರ ಕೆಳಗೆ ಒತ್ತಬೇಕು, ಅಡ್ಡಕ್ಕೆ ಎಳೆಯಬಾರದು. ಜಾರುವಾಗ ಬೆರಳು ಹಗುರವಾಗಬೇಕು. ಕೈ ತೊಳೆದು ಒರೆಸಿಕೊಂಡೇ ಮುಟ್ಟಬೇಕು. ಬಾರಿಸಿದ ಮೇಲೆ ಒಣಬಟ್ಟೆಯಲ್ಲಿ ಬೆವರು ಒರೆಸಬೇಕು.

"ಎಣ್ಣೆ?" ಎಂದರು ರಾಮಯ್ಯನವರು.

"ದೊಡ್ಡಣ್ಣ, ಕೈ ಮುಗೀತೀನಿ."

ನಾಗಲಕ್ಷ್ಮಮ್ಮ ಎಷ್ಟೋ ತಿಂಗಳ ಮೇಲೆ ನಕ್ಕಿದ್ದು ಆಗ.

ಕಲಿಕೆ ಸುಲಭವಾಗಿರಲಿಲ್ಲ. ಗಂಟು ಹಾಕಿ ಗಂಟು ಹಾಕಿ ಬೆರಳ ತುದಿ ಗಟ್ಟಿಯಾಗಿತ್ತು, ಅದೊಂದೇ ಅನುಕೂಲ. ಬೆಳಿಗ್ಗೆ ಮಗ್ಗ ಹೂಡುವ ಮೊದಲು ಅರ್ಧ ಗಂಟೆ ಕೂರುತ್ತಿದ್ದರು. ಮೆಟ್ಟಿಲಿಲ್ಲದ ಪಟ್ಟಿಯಲ್ಲಿ ಬೆರಳು ಎಳ್ಳಷ್ಟು ಆಚೀಚೆಯಾದರೂ ಶ್ರುತಿ ಕೆಡುತ್ತದೆ. ಆಗ ಕಣ್ಣು ಮುಚ್ಚಿ ಬೆರಳಿನಿಂದ ತಂತಿಯ ಕೆಳಗಿನ ತಗ್ಗನ್ನು ಹುಡುಕುತ್ತಿದ್ದರು. ತಂತಿ ಆ ತಗ್ಗಿನಲ್ಲಿ ಕುಳಿತಾಗ ಸ್ವರ ನೇರವಾಗುತ್ತಿತ್ತು. ರಮಣ ಸಾವಿರಾರು ಸಲ ಒತ್ತಿದ ಜಾಗ ಅದು.

"ಏನ್ರೀ ಅದು, ಒಂದೇ ಸ್ವರ ಬೆಳಿಗ್ಗೆಯಿಂದ? ಎಮ್ಮೆ ಕರೆದ ಹಂಗೆ ಕೇಳುತ್ತೆ" ಎನ್ನುತ್ತಿದ್ದಳು ನಾಗಲಕ್ಷ್ಮಮ್ಮ ಒಳಗಿನಿಂದ.

"ರಿಷಭ ಕಣೇ. ಕುಂಟ್ತಾ ಇದೆ."

ತಮ್ಮ ಬಾಯಿಂದ ಆ ಮಾತು ಹೊರಟಾಗ ಅವರು ಬೆರಳು ಎತ್ತಿದರು. ಆಮೇಲೆ ಮತ್ತೆ ಒತ್ತಿದರು.

ತೊಂಬತ್ತನಾಲ್ಕರ ಜ್ಯೇಷ್ಠದಲ್ಲಿ ವರ್ಷದ ತಿಥಿ ಬಂತು. ಬೆಳಿಗ್ಗೆ ಪಿಂಡಪ್ರದಾನ ಮುಗಿಸಿ, ಬಂದವರಿಗೆ ಊಟವಾಗಿ, ಸಂಜೆ ಐದಕ್ಕೆ ರಾಮಮಂದಿರದಲ್ಲಿ ಭಜನೆಗೆ ಕುಳಿತರು. ನೀಲಿ ಸೀರೆಯನ್ನು ಅಂದು ಸೀತಾಮಾತೆಗೆ ಉಡಿಸಿದ್ದರು. ವೆಂಕಟರಾಯಪ್ಪ ಹಾರ್ಮೋನಿಯಂ ಎಳೆದುಕೊಂಡರು. ಕಾಂತರಾಜು ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಕಂಬದ ಪಕ್ಕ ಇಟ್ಟು ವೈರು ಕೊಟ್ಟ. ಅರವತ್ತೊಂದರ ನೇಕಾರ ತೊಡೆಯ ಮೇಲೆ ಬೇಸ್ ಗಿಟಾರು ಇಟ್ಟುಕೊಂಡು ಕುಳಿತದ್ದನ್ನು ನೋಡಲು ಬೀದಿಯ ಅರ್ಧ ಜನ ಬಂದಿದ್ದರು. "ಏನ್ ರಾಮಯ್ಯ, ಮುಂದಿನ ಮದುವೆಗೆ ನಿಂಗೇ ಮುಂಗಡ ಕೊಡೋದಾ?" ಎಂದು ಯಾರೋ ಕೇಳಿದರು. ಅವರು ತಲೆಯೆತ್ತಲಿಲ್ಲ.

ಸಾವೇರಿಯಲ್ಲಿ ನಾಮ ಹಿಡಿದರು. ಷಡ್ಜ ಒತ್ತಿದರು. ಮುಚ್ಚಿದ ಬಾಗಿಲಿನ ಆಚೆಯ ದನಿ ಎಂದಿದ್ದನಲ್ಲ ಕಾಂತರಾಜು, ಹಾಗೆಯೇ ಇತ್ತು. ಆದರೆ ನೆಲದಿಂದ ಎದ್ದು ಮಂದಿರದ ಕಂಬಗಳಲ್ಲಿ ತುಂಬಿತು. ಮಾತಾಡುತ್ತಿದ್ದವರು ಸುಮ್ಮನಾದರು. ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತಿಗೆ, ರಿಷಭದ ಜಾರು ಬರುವುದಕ್ಕೆ ಇನ್ನೆರಡು ಮಾತ್ರೆ ಇರುವಾಗ, ಕರೆಂಟು ಹೋಯಿತು.

ದೀಪಗಳು ಆರಿದವು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ಪೆಟ್ಟಿಗೆಯ ದನಿ ಸತ್ತಿತು. ಕಾಂತರಾಜು ಅಭ್ಯಾಸದಿಂದ ಪೆಟ್ಟಿಗೆಯ ಕಡೆ ಕೈ ಚಾಚಿ, ಏನೂ ಮಾಡುವಂತಿಲ್ಲವೆಂದು ಹಿಂದಕ್ಕೆ ತೆಗೆದುಕೊಂಡ. ಬಾಗಿಲಿನ ಸಂಜೆ ಬೆಳಕಿನಲ್ಲಿ ಎಲ್ಲರ ಕಣ್ಣು ರಾಮಯ್ಯನವರ ಮೇಲಿತ್ತು.

ಅವರು ನಿಲ್ಲಿಸಲಿಲ್ಲ. ವೆಂಕಟರಾಯಪ್ಪನವರ ಹಾರ್ಮೋನಿಯಂ ಮುಂದೆ ನಡೆಯಿತು, ಕೂತವರು ನಾಮ ಎತ್ತಿಕೊಂಡರು. ರಾಮಯ್ಯನವರ ಬೆರಳು ತಗ್ಗಿನಿಂದ ತಗ್ಗಿಗೆ ಹಗುರಾಗಿ ಜಾರಿತು. ವಾದ್ಯದ ಮೈ ಅವರ ಎದೆಗೆ ಒತ್ತಿಕೊಂಡಿತ್ತು. ತಂತಿಯ ದನಿ ಗಾಳಿಯಲ್ಲಿ ಯಾರಿಗೂ ಕೇಳದೆ, ಮರದಿಂದ ಅವರ ಎದೆಮೂಳೆಗೆ ಇಳಿದು, ಅಲ್ಲಿಂದ ಕಿವಿಯವರೆಗೆ ಬಂತು. ಅದು ಚಪ್ಪಟೆ ತಂತಿಯದೋ ಉರುಟು ತಂತಿಯದೋ ಎಂದು ಗುರುತಿಸುವಷ್ಟು ಜೋರಾಗಿರಲಿಲ್ಲ. ಬರೀ ಗುನುಗು. ರಿಷಭ ಬಂತು. ಕುಂಟಲಿಲ್ಲ.

ನಾಮ ಮುಗಿದಾಗ ಇನ್ನೂ ಕರೆಂಟು ಬಂದಿರಲಿಲ್ಲ. ವೆಂಕಟರಾಯಪ್ಪ ಅವರ ಭುಜ ಮುಟ್ಟಿ, ನಿನ್ನ ವಾದ್ಯ ಕೇಳಿಸಲೇ ಇಲ್ಲವಲ್ಲೋ, ಮತ್ತೊಮ್ಮೆ ಆಗಲಾ, ಎಂದರು. ಬೇಡ, ಮುಗಿಯಿತು ಎಂದರು ರಾಮಯ್ಯನವರು. ನಾಗಲಕ್ಷ್ಮಮ್ಮ ಕೊಟ್ಟ ಹಳೆಯ ಸೀರೆಯ ತುಂಡಿನಿಂದ ಪಟ್ಟಿಯ ಬೆವರನ್ನು ಒರೆಸಿದರು. ಗುರುತುಗಳು ಹೇಗಿದ್ದವೋ ಹಾಗೆಯೇ ಇದ್ದವು. ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು, ಗರ್ಭಗುಡಿಯ ಎಣ್ಣೆದೀಪದ ಮುಂದೆ ನಿಂತು, ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು.

ರಾಮಾ, ನಾನು ಒಂದು ದಿನ ನಿನ್ನೆದುರಿಗೆ ಇವನನ್ನು ಎಬ್ಬಿಸಿ ಕಳಿಸಿದೆ. ನೀನು ಹಾಗೆ ಮಾಡಬೇಡ. ಅವನು ನೇಯ್ದದ್ದು ಮುಗಿಯಿತು, ಬಾರಿಸಿದ್ದೂ ಮುಗಿಯಿತು. ಇನ್ನು ಅವನ ಕೈಗೆ ಕೆಲಸ ಉಳಿದಿಲ್ಲ. ನಿನ್ನ ಪಾದದ ಬಳಿ ಜಾಗ ಕೊಟ್ಟು ಕೂರಿಸಿಕೊ. ನನ್ನ ತಮ್ಮ ವೆಂಕಟರಮಣನ ಆತ್ಮಕ್ಕೆ ಶಾಂತಿ ಕೊಡು, ತಂದೆ.